ನಿಧಾನವಾಗಿ ಬಿಡುವ ಮದ್ದು ನಿಧಾನವಾಗಿಯೇ ತೊಲಗುತ್ತದೆ



ಎಳೆಯ ಮಾವಿನ ಸಸಿಯ ಪಕ್ಕದಲ್ಲಿ ಮಣ್ಣಿನ ಮಡಕೆಯನ್ನು ಹೂತು ನೀರು ತುಂಬಿಡುವ ಪದ್ಧತಿ ನಿಮಗೆ ಹೊಸದೇನಲ್ಲ. ಮಡಕೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರು ಅವುಗಳ ಮೂಲಕ ಜಿನುಗುತ್ತ ಬೇರಿಗೆ ಸೇರುತ್ತದೆ. ಅದೇ ನೀರನ್ನು ಒಂದೇ ಸಲ ಸುರಿದರೆ ಸ್ವಲ್ಪ ಭಾಗ ಆಳಕ್ಕೆ ಇಂಗಿ, ಸ್ವಲ್ಪ ಭಾಗ ಬಿಸಿಲಿಗೆ ಆರಿ, ಗಿಡಕ್ಕೆ ಸಿಗುವುದು ಅಷ್ಟಕ್ಕಷ್ಟೇ. ಬೇವು ಲೇಪಿಸಿದ ಯೂರಿಯಾವನ್ನು ನಾವು ಬಳಸುವುದೂ ಸಾರಜನಕವು ಪೈರಿಗೆ ನಿಧಾನವಾಗಿ ಒದಗಲಿ ಎಂಬ ಉದ್ದೇಶದಿಂದಲೇ. ಇದೇ ತತ್ವವನ್ನು ವಿಜ್ಞಾನಿಗಳು ಈಗ ಔಷಧಿಗಳಿಗೆ, ಅದರಲ್ಲಿಯೂ ಆಂಟಿಬಯಾಟಿಕ್ ಎಂದು ನಾವೆಲ್ಲ ಕರೆಯುವ ಪ್ರತಿಜೈವಿಕ ಔಷಧಿಗಳಿಗೆ ಅಳವಡಿಸುತ್ತಿದ್ದಾರೆ. ಈ ವಿಷಯದಲ್ಲಿ ಹೈನುಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನೂ ನನ್ನದೊಂದು ಅಭಿಪ್ರಾಯವನ್ನೂ ಇಲ್ಲಿ ತಿಳಿಸಬಯಸುತ್ತೇನೆ.

ಅಭಿಪ್ರಾಯ ಇಷ್ಟೇ. ನಿಧಾನವಾಗಿ ಬಿಡುವ ಮದ್ದು ಒಳ್ಳೆಯದು. ಆದರೆ ಅದು ನಿಧಾನವಾಗಿಯೇ ತೊಲಗುತ್ತದೆ. ಅದು ತೊಲಗುವ ದಿನಗಳ ಲೆಕ್ಕವು ಹೈನುಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅವನ ಕೈ ಸೇರದ ಹೊರತು ಅಂಥ ಮದ್ದು ಕೊಟ್ಟಿಗೆಗೆ ಬರಬಾರದು. ಆ ದಿನಗಳ ಹಾಲನ್ನು ಬಿಟ್ಟುಕೊಡುವ ನಷ್ಟವನ್ನೂ ಅವನೊಬ್ಬನ ತಲೆಯ ಮೇಲೆಯೇ ಹೊರಿಸಬಾರದು.

ಒಂದು ಗ್ರಾಂ ಪುಡಿಯೊಳಗೆ ಹತ್ತು ಗುಂಟೆ

ಮೊದಲು ಈ ಹೊಸ ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ಕೆಚ್ಚಲು ಬಾವು ತರುವ ಒಂದು ಬ್ಯಾಕ್ಟೀರಿಯಾ ಸುಮಾರು ಸಾವಿರ ನ್ಯಾನೊಮೀಟರ್ ಗಾತ್ರದ್ದು. ಪ್ರತಿಜೈವಿಕದ ಒಂದು ಅಣು ಒಂದೆರಡು ನ್ಯಾನೊಮೀಟರಿನಷ್ಟು ಮಾತ್ರ. ಆದ್ದರಿಂದ ಔಷಧಿಯ ಅಣುಗಳನ್ನು ಒಳಗೆ ಕೂಡಿಹಾಕಿ ಒಂದೊಂದಾಗಿ ಹೊರಬಿಡಬೇಕಾದರೆ ರಂಧ್ರಗಳೂ ಕೆಲವೇ ನ್ಯಾನೊಮೀಟರ್ ಅಗಲ ಇರಬೇಕು.

1992ರಲ್ಲಿ ಅಮೆರಿಕದ ಮೊಬಿಲ್ ಎಣ್ಣೆ ಕಂಪನಿಯ ವಿಜ್ಞಾನಿಗಳು ಇಂಥ ರಂಧ್ರಗಳು ಜೇನುಗೂಡಿನಂತೆ ಸಾಲುಸಾಲಾಗಿರುವ ಒಂದು ಪುಡಿಯನ್ನು ತಯಾರಿಸಿದ ವರದಿ ಪ್ರಕಟಿಸಿದರು. ಅದು ಸಿಲಿಕಾದಿಂದ, ಎಂದರೆ ಮರಳಿನಲ್ಲಿರುವ ವಸ್ತುವಿನಿಂದಲೇ ಆದುದು. ಈ ಪುಡಿಯ ಒಂದು ಗ್ರಾಂನಲ್ಲಿರುವ ರಂಧ್ರಗಳ ಒಳಮೈಯನ್ನೆಲ್ಲ ಬಿಚ್ಚಿ ಹರಡಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ನಮ್ಮ ಅಳತೆಯಲ್ಲಿ ಹತ್ತು ಗುಂಟೆ. ನಾಲ್ಕು ಗ್ರಾಂ ಪುಡಿಯೊಳಗೆ ಒಂದು ಎಕರೆ ಅಡಗಿದೆ ಎಂದಾಯಿತು. ಅಷ್ಟು ಮೈ ಇರುವುದರಿಂದಲೇ ಅಷ್ಟು ಔಷಧಿ ಅದಕ್ಕೆ ಅಂಟಿ ನಿಲ್ಲಬಲ್ಲದು. 2001ರಲ್ಲಿ ಸ್ಪೇನ್ ದೇಶದ ಸಂಶೋಧಕರು ಐಬುಪ್ರೊಫೆನ್ ಎಂಬ ನೋವು ನಿವಾರಕವನ್ನು ಇದರಲ್ಲಿ ತುಂಬಿ, ಅದು ನಿಧಾನವಾಗಿ ಹೊರಬರುವುದನ್ನು ತೋರಿಸಿದರು. ಅಲ್ಲಿಂದೀಚೆಗೆ ಅನೇಕ ಪ್ರತಿಜೈವಿಕಗಳ ಮೇಲೂ ಇಂಥ ಪ್ರಯೋಗಗಳು ನಡೆದಿವೆ. ಲೋಹದ ಅಯಾನುಗಳನ್ನೂ ಇಂಗಾಲದ ಸಂಯುಕ್ತಗಳನ್ನೂ ಚೌಕಟ್ಟಿನಂತೆ ಹೆಣೆದ ಇನ್ನೊಂದು ಬಗೆಯ ರಂಧ್ರವಸ್ತುವನ್ನು ಬೆಳೆಸಿದ ಜಪಾನಿನ ಕಿಟಗಾವ, ಆಸ್ಟ್ರೇಲಿಯದ ರಾಬ್ಸನ್ ಮತ್ತು ಅಮೆರಿಕದ ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅದರಲ್ಲಿಯೂ ಔಷಧಿ ತುಂಬುವ ಪ್ರಯತ್ನಗಳಿವೆ.

ಇದರಿಂದ ಪ್ರಯೋಜನವೇನು? ಸಾಮಾನ್ಯ ಚುಚ್ಚುಮದ್ದು ಹಾಕಿದ ಕೂಡಲೇ ಮೈಯಲ್ಲಿ ಮದ್ದಿನ ಮಟ್ಟ ಏರುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕ್ರಿಮಿ ಸಾಯಬೇಕಾದರೆ ಮಟ್ಟವು ಒಂದು ಗೆರೆಗಿಂತ ಮೇಲೆಯೇ ಇರಬೇಕು. ಅದಕ್ಕಾಗಿಯೇ ವೈದ್ಯರು ಮೂರು ದಿನ, ಐದು ದಿನ ಎಂದು ಮದ್ದು ಬರೆಯುತ್ತಾರೆ. ನಮ್ಮಲ್ಲಿ ಆಗುವುದೇನು? ಎರಡನೆಯ ದಿನ ಹಾಲು ತಿಳಿಯಾಯಿತೆಂದು ಮೂರನೆಯ ಚುಚ್ಚುಮದ್ದನ್ನು ಬಿಟ್ಟುಬಿಡುತ್ತೇವೆ. ಒಮ್ಮೆ ಕೊಟ್ಟರೆ ಐದು ದಿನವೂ ಗೆರೆಯ ಮೇಲೆಯೇ ನಿಲ್ಲುವ ಮದ್ದು ಬಂದರೆ ಈ ತೊಂದರೆ ತಪ್ಪುತ್ತದೆ. ವೈದ್ಯರನ್ನು ಮತ್ತೆ ಮತ್ತೆ ಕರೆಸುವ ಖರ್ಚೂ ಉಳಿಯುತ್ತದೆ. ಈ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ದನಗಳ ಮಟ್ಟಿಗೆ ಈ ರಂಧ್ರಪುಡಿಗಳ ಕೆಲಸ ಬಹುಪಾಲು ಪ್ರಯೋಗಾಲಯಗಳಲ್ಲಿಯೇ ಇದೆ ಎಂಬುದನ್ನು ನೆನಪಿಡಬೇಕು. ನ್ಯಾನೊ ಎಂಬ ಹೆಸರು ಹೇಳಿ ಯಾರಾದರೂ ಚೀಟಿಯಿಲ್ಲದೆ ಮದ್ದು ಮಾರಲು ಬಂದರೆ ಕೊಳ್ಳಬೇಡಿ.

ಕೊಟ್ಟಿಗೆಗೆ ಆಗಲೇ ಬಂದಿರುವ ನಿಧಾನದ ಮದ್ದು

ನಿಧಾನ ಬಿಡುಗಡೆಯ ತತ್ವವು ಮಾತ್ರ ನಮ್ಮ ಕೊಟ್ಟಿಗೆಗಳಿಗೆ ಆಗಲೇ ಬಂದಿದೆ. ಹಾಲು ಬತ್ತಿಸುವ ದಿನ, ಕೊನೆಯ ಸಲ ಕರೆದ ಮೇಲೆ, ನಾಲ್ಕು ಮೊಲೆಗಳಿಗೂ ಒಂದೊಂದು ಕೊಳವೆ ಮದ್ದು ಏರಿಸುವುದನ್ನು ನೀವು ನೋಡಿರಬಹುದು. ಬೆಂಜಥೈನ್ ಕ್ಲಾಕ್ಸಾಸಿಲಿನ್ ಇಂಥ ಒಂದು ಮದ್ದು. ನೀರಿನಲ್ಲಿ ಸುಲಭವಾಗಿ ಕರಗದ ಲವಣರೂಪದಲ್ಲಿ, ಎಣ್ಣೆಯಂಥ ಆಧಾರದಲ್ಲಿ ಕಲಸಿರುವುದರಿಂದ ಅದು ಕೆಚ್ಚಲಿನಲ್ಲಿ ವಾರಗಟ್ಟಲೆ ನಿಂತು ಕೆಲಸ ಮಾಡುತ್ತದೆ. ಹಸು ಹಾಲು ಕೊಡದ ಸುಮಾರು ಅರವತ್ತು ದಿನಗಳ ವಿಶ್ರಾಂತಿಯ ಕಾಲದಲ್ಲಿ ಅಡಗಿರುವ ರೋಗಾಣುಗಳನ್ನು ನಾಶಪಡಿಸುವುದು ಇದರ ಉದ್ದೇಶ.

ಇದೇ ಕೊಳವೆಯನ್ನು ಹಾಲು ಕರೆಯುತ್ತಿರುವ ಹಸುವಿಗೆ ಏರಿಸಿದರೆ ವಾರಗಟ್ಟಲೆ ಹಾಲು ಕೆಡುತ್ತದೆ. ಬತ್ತಿಸುವಾಗ ಸರಿಯಾಗಿಯೇ ಹಾಕಿದ್ದರೂ ಹಸು ದಿನ ತುಂಬುವ ಮೊದಲೇ ಈದರೆ ಗಿಣ್ಣಿನಲ್ಲಿಯೂ ಮೊದಲ ದಿನಗಳ ಹಾಲಿನಲ್ಲಿಯೂ ಮದ್ದು ಉಳಿದಿರುತ್ತದೆ. ಮದ್ದಿನ ಗುಣವೇ ನಿಧಾನ. ಅದನ್ನು ಹಸುವಿನ ಮೈಯಿಂದ ಬೇಗ ಹೊರಹಾಕುವ ಉಪಾಯ ನಮ್ಮ ಕೈಯಲ್ಲಿಲ್ಲ. ಮುಂದೆ ಬರಲಿರುವ ರಂಧ್ರಪುಡಿಯ ಮದ್ದುಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯ ದಿನಗಳ ಕೇಡು

ನಿಧಾನದ ಮದ್ದು ಮುಗಿಯುವಾಗ ಒಮ್ಮೆಗೇ ನಿಲ್ಲುವುದಿಲ್ಲ. ಗೆರೆಯ ಮೇಲಿದ್ದ ಮಟ್ಟವು ಗೆರೆಯ ಕೆಳಗಿಳಿದು, ಇನ್ನೂ ಹಲವು ದಿನ ತೊಟ್ಟುತೊಟ್ಟಾಗಿ ಜಿನುಗುತ್ತಿರುತ್ತದೆ. ಆ ದಿನಗಳಲ್ಲಿ ಅದು ಕ್ರಿಮಿಯನ್ನು ಕೊಲ್ಲಲಾರದು. ಕ್ರಿಮಿಗೆ ಮದ್ದಿನ ಪರಿಚಯ ಮಾತ್ರ ಮಾಡಿಕೊಡುತ್ತದೆ. ದುರ್ಬಲ ಕ್ರಿಮಿಗಳು ಹಿಂದೆ ಬಿದ್ದು, ಮದ್ದನ್ನು ತಾಳಿಕೊಳ್ಳಬಲ್ಲವು ಬದುಕಿ ಸಂತತಿ ಬೆಳೆಸುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ, ಸಾಲದಷ್ಟು ಮದ್ದು ಕೊಟ್ಟರೆ ಕ್ರಿಮಿಗಳು ಅದಕ್ಕೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. ಹಾಗೆ ಬಗ್ಗದ ಕ್ರಿಮಿಯು ನಿಮ್ಮ ಹಸುವಿನಲ್ಲಿಯೇ ಉಳಿಯುವುದಿಲ್ಲ. ಕರೆಯುವ ಕೈಗೆ, ಕರುವಿಗೆ, ಸಗಣಿಗೆ, ನೀರಿಗೆ ಹರಡುತ್ತದೆ. ನಾಳೆ ನಿಮ್ಮ ಮನೆಯ ಮಗುವಿಗೆ ಅದೇ ಜಾತಿಯ ಸೋಂಕು ತಗುಲಿದಾಗ ವೈದ್ಯರು ಕೊಟ್ಟ ಮದ್ದು ನಾಟುವುದಿಲ್ಲ.

ಹಾಲಿನ ಮಾತಂತೂ ಸ್ಪಷ್ಟ. ಮದ್ದು ಉಳಿದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರುವುದಿಲ್ಲ. ಹೆಪ್ಪಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುವುದೇ ಇದಕ್ಕೆ ಕಾರಣ. ಪೆನಿಸಿಲಿನ್‌ಗೆ ಒಗ್ಗದ ಮೈಯವರಿಗೆ ಅಂಥ ಹಾಲಿನಿಂದ ಅಪಾಯವೂ ಆಗಬಹುದು. ಕಾಯಿಸಿದರೆ ಎಲ್ಲವೂ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಮದ್ದಿನ ಬಹುಪಾಲು ಹಾಗೆಯೇ ಉಳಿಯುತ್ತದೆ. ಕೊಡ ಹಾಲಿಗೆ ತೊಟ್ಟು ಹುಳಿ ಎಂಬಂತೆ ಒಂದು ಹಸುವಿನ ಹಾಲು ಇಡೀ ಕ್ಯಾನನ್ನು ಕೆಡಿಸುತ್ತದೆ.

ಬೆಂಗಳೂರು ದಂಡಿನಿಂದ ಕೋಲಾರದ ಕೆರೆಗಳವರೆಗೆ

ಇದು ಎಷ್ಟು ದೂರ ಹೋಗುವ ಮಾತು ಎಂಬುದನ್ನು ತಿಳಿಯಲು ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವ ಭಾಗವನ್ನು ನೋಡಿರಿ. ಶಿವಾಜಿನಗರ, ಹಲಸೂರುಗಳ ಹಳೆಯ ಬೀದಿಗಳಲ್ಲಿಯೂ, ಕೃಷ್ಣರಾಜಪುರದ ಸುತ್ತ ನಗರದೊಳಗೆ ಸೇರಿಹೋದ ಹಳ್ಳಿಗಳಲ್ಲಿಯೂ ಎರಡೋ ಮೂರೋ ಹಸು ಕಟ್ಟಿಕೊಂಡು, ಅಕ್ಕಪಕ್ಕದ ಮನೆಗಳಿಗೆ ಹಾಲು ಹಾಕಿ ಜೀವನ ಸಾಗಿಸುವ ಕುಟುಂಬಗಳು ಇಂದಿಗೂ ಇವೆ. ಬೆಳ್ಳಂದೂರು, ವರ್ತೂರು ಕೆರೆಗಳ ಅಂಚಿನಲ್ಲಿ ಹುಲ್ಲು ಕೊಯ್ದು ದನ ಸಾಕಿದವರೂ ಅನೇಕರು. ಹಳ್ಳಿಯ ಸಂಘಕ್ಕೆ ಹಾಕುವ ಹಾಲು ಡೇರಿ ಸೇರುವ ಮೊದಲು ಯಾವುದಾದರೊಂದು ಹಂತದಲ್ಲಿ ಪರೀಕ್ಷೆಗೆ ಒಳಗಾಗುವ ಸಂಭವವಿದೆ. ನಗರದ ಈ ಹಾಲು ಹಾಗಲ್ಲ. ಕೆಚ್ಚಲಿನಿಂದ ಚೊಂಬಿಗೆ, ಚೊಂಬಿನಿಂದ ಇಂದಿರಾನಗರದ ಒಂದು ಮನೆಯ ಪಾತ್ರೆಗೆ ಬೀಳುತ್ತದೆ. ನಡುವೆ ಇರುವ ಪರೀಕ್ಷೆಯೆಂದರೆ ಹಾಲು ಹಾಕುವವನ ಮಾತು ಒಂದೇ. ಅವನು ತಿಳಿದವನಾಗಿದ್ದರೆ ಮಾತ್ರ ಕೊಳ್ಳುವವನಿಗೆ ರಕ್ಷಣೆ.

ಇನ್ನು ಕೊಟ್ಟಿಗೆ ತೊಳೆದ ನೀರು. ಪ್ರತಿಜೈವಿಕಗಳ ಒಂದು ಭಾಗ, ಕೆಲವು ಮದ್ದುಗಳಲ್ಲಿ ಬಹುಭಾಗ, ಗಂಜಲ ಮತ್ತು ಸಗಣಿಯ ಮೂಲಕ ಹಾಗೆಯೇ ಹೊರಬರುತ್ತದೆ. ಹಲಸೂರು ಕಡೆಯ ರಾಜಕಾಲುವೆಯ ನೀರು ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಗೂ, ಅಲ್ಲಿಂದ ವರ್ತೂರು ಕೆರೆಗೂ, ಮುಂದೆ ದಕ್ಷಿಣ ಪಿನಾಕಿನಿಗೂ ಇಳಿಯುತ್ತದೆ. ಈ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡುವ ಕೆಲಸ 2018ರಲ್ಲಿ ಆರಂಭವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರು, ಮೊದಲ ಹಂತದಲ್ಲಿ 126 ಕೆರೆಗಳು ಎಂಬುದು ಯೋಜನೆಯ ಗಾತ್ರ. ಅಂತರ್ಜಲ ಬತ್ತಿದ್ದ ಸೀಮೆಗೆ ನೀರು ಬಂದದ್ದು ಸಂತೋಷದ ವಿಷಯವೇ. ಆದರೆ ಈ ಶುದ್ಧೀಕರಣ ಘಟಕಗಳನ್ನು ಕಟ್ಟಿರುವುದು ಕೊಳೆಯನ್ನು ತೆಗೆಯಲು. ಮದ್ದಿನ ಅಣುಗಳನ್ನು ಪೂರ್ತಿ ತೆಗೆಯಲು ಅಲ್ಲ. ಆ ಕೊಳಚೆಯಲ್ಲಿ ಮನೆಗಳ, ಆಸ್ಪತ್ರೆಗಳ ಮದ್ದಿನ ಪಾಲು ದೊಡ್ಡದಿದೆ. ದನಗಳ ಪಾಲೂ ಸೇರಿದೆ. ಹಲಸೂರಿನ ಕೊಟ್ಟಿಗೆಯವರೂ ಕೋಲಾರದ ತರಕಾರಿ ಬೆಳೆಗಾರರೂ ಒಂದೇ ನೀರಿನ ಎರಡು ತುದಿಗಳಲ್ಲಿದ್ದಾರೆ ಎಂಬುದನ್ನು ಮರೆಯಬಾರದು. ನಿಧಾನವಾಗಿ, ಬಹಳ ದಿನ ಜಿನುಗುವ ಮದ್ದುಗಳ ಬಳಕೆ ಹೆಚ್ಚಿದಂತೆ ಈ ನೀರಿಗೆ ಸೇರುವ ದಿನಗಳೂ ಹೆಚ್ಚುತ್ತವೆ.

ಕಾನೂನಿದೆ, ಕನ್ನಡದಲ್ಲಿಲ್ಲ

ಕಾನೂನೇ ಇಲ್ಲವೆಂದಲ್ಲ. 2012ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಔಷಧಿ ನಿಯಮಗಳಿಗೆ ತಿದ್ದುಪಡಿ ತಂದಿತು. ಆಹಾರ ಕೊಡುವ ಪ್ರಾಣಿಗಳಿಗೆ ಬಳಸುವ ಮದ್ದಿನ ಮೇಲೆ, ಅದನ್ನು ಕೊಟ್ಟ ಎಷ್ಟು ದಿನಗಳವರೆಗೆ ಹಾಲು, ಮೊಟ್ಟೆ, ಮಾಂಸಗಳನ್ನು ಬಳಸಬಾರದು ಎಂಬುದನ್ನು ನಮೂದಿಸುವುದು ಅಂದಿನಿಂದ ಕಡ್ಡಾಯ. ಪರೀಕ್ಷಿಸಿ ಗೊತ್ತುಮಾಡಿದ ಅವಧಿ ಇಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ 7 ದಿನಕ್ಕೂ, ಕೋಳಿ ಮತ್ತು ದನಕುರಿಗಳ ಮಾಂಸಕ್ಕೆ 28 ದಿನಕ್ಕೂ ಕಡಿಮೆ ಇರಕೂಡದು. ಕೊಲಿಸ್ಟಿನ್ ಎಂಬ ಮದ್ದು ಮನುಷ್ಯರ ಕೊನೆಯ ಆಸರೆಯಾದ್ದರಿಂದ 2019ರಲ್ಲಿ ಅದನ್ನು ಆಹಾರದ ಪ್ರಾಣಿಗಳಿಗೆ ಬಳಸುವುದನ್ನು ನಿಷೇಧಿಸಲಾಯಿತು. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳ ಪೈಕಿ 77ರಲ್ಲಿ ಪ್ರತಿಜೈವಿಕಗಳು ಮಿತಿಗಿಂತ ಹೆಚ್ಚು ಕಂಡುಬಂದವು. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಗಾಬರಿಪಡುವಷ್ಟು ದೊಡ್ಡ ಸಂಖ್ಯೆಯಲ್ಲ. ಆದರೆ ಈಗ ಸರಿಪಡಿಸಿದರೆ ಸುಲಭ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಕಾಲ ಬರಬಾರದು.

ಕೊರತೆ ಎಲ್ಲಿದೆ? ಮೊದಲನೆಯದು, ಕೊಳವೆಯ ಮೇಲಿನ ಆ ಸಾಲು ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಓದಬೇಕಾದವರು ಹಸುವಿನ ಪಕ್ಕದಲ್ಲಿ ನಿಂತಿರುವ ನಾವು. ನಮಗೆ ಅದು ಓದಲು ಬಾರದಿದ್ದರೆ ಬರೆದೂ ಬರೆಯದಂತೆಯೇ. ಎರಡನೆಯದು, ಏಳು ದಿನ ಎಂಬ ಸಾಮಾನ್ಯ ಲೆಕ್ಕವು ಬೇಗ ಹೋಗುವ ಮದ್ದಿಗೆ ಸರಿಹೋದೀತು. ವಾರಗಟ್ಟಲೆ ಜಿನುಗಬೇಕೆಂದೇ ತಯಾರಿಸಿದ ಮದ್ದಿಗೆ ಅದು ಸಾಲದು. ರಂಧ್ರಪುಡಿಯಲ್ಲಿ ತುಂಬಿದ ಯಾವುದೇ ಪ್ರತಿಜೈವಿಕವನ್ನು ಮಾರಾಟಕ್ಕೆ ಬಿಡುವ ಮೊದಲು ಅದರ ಕೊನೆಯ ತೊಟ್ಟು ಹಾಲಿನಿಂದ ಮರೆಯಾಗುವ ದಿನವನ್ನು ನಮ್ಮ ಹಸು, ಎಮ್ಮೆಗಳಲ್ಲಿಯೇ ಅಳೆದಿರಬೇಕು. ಪುಡಿಯ ಗತಿಯೇನು ಎಂಬುದನ್ನೂ ಹೇಳಬೇಕು. ಸಿಲಿಕಾ ನಿಧಾನವಾಗಿ ಕರಗಿ ಮೂತ್ರದಲ್ಲಿ ಹೋಗಬಲ್ಲದು. ಲೋಹದ ಚೌಕಟ್ಟುಗಳಲ್ಲಿ ಯಾವ ಲೋಹ, ಅದು ಎಲ್ಲಿ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ನಷ್ಟ ಯಾರಿಗೆ?

ಈಗ ನೇರ ಮಾತಿಗೆ ಬರೋಣ. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿಗೆ ಮದ್ದು ಹಾಕಿಸಿ ಏಳು ದಿನ ಹಾಲು ಬಿಟ್ಟರೆ ಎಪ್ಪತ್ತು ಲೀಟರ್. ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಂಡರೂ 2,800 ರೂಪಾಯಿ. ಇದರ ಮೇಲೆ ಮದ್ದಿನ ಖರ್ಚು, ವೈದ್ಯರ ಖರ್ಚು. ಮೇವು, ಹಿಂಡಿಗಳಿಗೆ ರಜೆಯಿಲ್ಲ. ಎರಡೇ ಹಸು ಇರುವ ಮನೆಗೆ ಇದು ಆ ತಿಂಗಳ ದಿನಸಿಯ ದುಡ್ಡು. ಇಂಥ ಮನೆಯವರಿಗೆ ಹಾಲು ಚೆಲ್ಲಿರೆಂದು ಉಪದೇಶ ಮಾಡುವುದು ಸುಲಭ. ಚೆಲ್ಲದೆ ಕದ್ದು ಬೆರೆಸಿದವರನ್ನು ಹಿಡಿದು ದಂಡ ಹಾಕುವುದೂ ಸುಲಭ. ಆದರೆ ದಂಡದ ಹೆದರಿಕೆ ಒಂದೇ ಇದ್ದರೆ ಜನ ಮದ್ದು ಹಾಕಿಸಿದ್ದನ್ನೇ ಮುಚ್ಚಿಡುತ್ತಾರೆ.

ಆದ್ದರಿಂದ ನನ್ನ ಸಲಹೆ ಇದು. ಮದ್ದು ಹಾಕಿಸಿದ ಹಸುವಿನ ವಿವರವನ್ನು ವೈದ್ಯರ ಚೀಟಿಯೊಂದಿಗೆ ಮೊದಲೇ ತಿಳಿಸುವ ಸದಸ್ಯರಿಗೆ, ಬಿಟ್ಟ ಹಾಲಿನ ಬೆಲೆಯಲ್ಲಿ ಅರ್ಧದಷ್ಟನ್ನಾದರೂ ಹಾಲು ಒಕ್ಕೂಟಗಳು ತುಂಬಿಕೊಡಬೇಕು. ರಾಸುಗಳ ವಿಮೆಯಲ್ಲಿ ಸಾವಿಗೆ ಪರಿಹಾರವಿರುವಂತೆ ಇದಕ್ಕೂ ಒಂದು ಚಿಕ್ಕ ನಿಧಿ ಬೇಕು. ಒಬ್ಬರ ಹತ್ತು ಲೀಟರ್ ಹಾಲು ಸೇರಿ ಟ್ಯಾಂಕರ್ ತಿರಸ್ಕೃತವಾದರೆ ಆಗುವ ನಷ್ಟದ ಮುಂದೆ ಈ ಹಣ ಎಷ್ಟರದು? ಸಂಘದ ಹೊರಗಿರುವ ನಗರದ ಹಾಲುಗಾರರನ್ನು ನಗರಾಡಳಿತ ಮತ್ತು ಪಶುಪಾಲನಾ ಇಲಾಖೆಗಳು ಕೂಡಿ ಪಟ್ಟಿಮಾಡಿ ಈ ನಿಧಿಯೊಳಗೆ ತರಬೇಕು. ಅವರನ್ನು ಬರಿಯ ಉಪದ್ರವವೆಂದು ನೋಡುವ ದೃಷ್ಟಿ ಬದಲಾಗಬೇಕು.

ಇದು ದುಬಾರಿ, ಮೋಸಕ್ಕೆ ಎಡೆಗೊಡುತ್ತದೆ ಎಂದು ಕೆಲವರು ಹೇಳಬಹುದು. ಚೀಟಿ ಕಡ್ಡಾಯವಾದರೆ ಮೋಸಕ್ಕೆ ಎಡೆ ಕಡಿಮೆ. ಜೊತೆಗೆ ಚೀಟಿಯಿಲ್ಲದೆ ಅಂಗಡಿಯಲ್ಲಿ ಮದ್ದು ಕೊಳ್ಳುವ ಚಾಳಿಯೂ ತಾನಾಗಿ ತಗ್ಗುತ್ತದೆ.

ನಾವೇ ಮಾಡಬಹುದಾದ ಕೆಲಸ

ಸರ್ಕಾರ, ಒಕ್ಕೂಟಗಳು ಮಾಡುವುದನ್ನು ಮಾಡಲಿ. ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ.

ಮದ್ದು ಹಾಕುವಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ. ಇದು ಎಷ್ಟು ದಿನ ಕೆಲಸ ಮಾಡುತ್ತದೆ? ಎಷ್ಟು ದಿನ ಹಾಲಿನಲ್ಲಿ ಉಳಿಯುತ್ತದೆ? ಇದು ಕರೆಯುವ ಹಸುವಿಗೋ, ಬತ್ತಿಸಿದ ಹಸುವಿಗೋ? ಉತ್ತರವನ್ನು ತಾರೀಖು ಸಮೇತ ಕೊಟ್ಟಿಗೆಯ ಗೋಡೆಯ ಮೇಲೆ ಬರೆಯಿರಿ. ಆ ಹಸುವಿನ ಕಾಲಿಗೋ ಕೊರಳಿಗೋ ಕೆಂಪು ಬಟ್ಟೆ ಕಟ್ಟಿದರೆ ಮನೆಯಲ್ಲಿ ಬೇರೆ ಯಾರು ಕರೆಯಲು ಕುಳಿತರೂ ತಪ್ಪಾಗದು. ಅದನ್ನು ಕೊನೆಯಲ್ಲಿ ಕರೆಯಿರಿ; ಪಾತ್ರೆ ಬೇರೆಯಿರಲಿ. ಬಿಟ್ಟ ಹಾಲನ್ನು ಕರುವಿಗೆ ಕುಡಿಸಬೇಡಿ, ಚರಂಡಿಗೂ ಚೆಲ್ಲಬೇಡಿ. ಕಾಂಪೋಸ್ಟ್ ಗುಂಡಿಗೆ ಹಾಕಿರಿ. ಚೆನ್ನಾಗಿ ಬಿಸಿಯೇರಿ ಕಳಿತ ಗೊಬ್ಬರದಲ್ಲಿ ಟೆಟ್ರಾಸೈಕ್ಲಿನ್‌ನಂಥ ಹಲವು ಮದ್ದುಗಳು ಬಹುಮಟ್ಟಿಗೆ ಶಿಥಿಲವಾಗುತ್ತವೆ.

ಮದ್ದಿನ ಅಗತ್ಯವೇ ಕಡಿಮೆಯಾಗುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಕರೆಯುವ ಮುನ್ನ ಕೈ, ಕೆಚ್ಚಲು ತೊಳೆದು ಒರೆಸಿರಿ. ಕರೆದ ಮೇಲೆ ಮೊಲೆಗಳನ್ನು ವೈದ್ಯರು ಹೇಳಿದ ಅಯೊಡಿನ್ ದ್ರಾವಣದಲ್ಲಿ ಅದ್ದಿರಿ. ಮೊಲೆಯ ತೂತು ಮುಚ್ಚಿಕೊಳ್ಳುವವರೆಗೆ ಹಸು ಮಲಗದಂತೆ ಅರ್ಧ ಗಂಟೆ ಮೇವು ಹಾಕಿ ನಿಲ್ಲಿಸಿರಿ. ಅಡಗಿರುವ ಬಾವನ್ನು ಮನೆಯಲ್ಲಿಯೇ ಪತ್ತೆಮಾಡಬಹುದು. ಅರ್ಧ ಲೀಟರ್ ನೀರಿಗೆ ಆರು ಚಹಾ ಚಮಚ ಬಟ್ಟೆ ಒಗೆಯುವ ಪುಡಿ ಕರಗಿಸಿ, ಅದನ್ನೂ ಒಂದೊಂದು ಮೊಲೆಯ ಹಾಲನ್ನೂ ಸಮಸಮ ಬೆರೆಸಿ ಆಡಿಸಿರಿ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವು ಅಡಗಿದೆಯೆಂದು ತಿಳಿದು ವೈದ್ಯರಿಗೆ ತೋರಿಸಿರಿ. ಬತ್ತಿಸುವಾಗ ಎಲ್ಲ ಹಸುಗಳಿಗೂ ಕಣ್ಣುಮುಚ್ಚಿ ಪ್ರತಿಜೈವಿಕ ಏರಿಸುವುದು ಅನಾವಶ್ಯಕ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ರೋಗವಿಲ್ಲದ ಹಸುಗಳಿಗೆ ಹೀಗೆ ವಾಡಿಕೆಯಂತೆ ಮದ್ದು ಕೊಡುವುದಕ್ಕೆ 2022ರ ಜನವರಿಯಿಂದ ಕಡಿವಾಣ ಬಿದ್ದಿದೆ. ಆರೋಗ್ಯವಾಗಿರುವ ಮೊಲೆಗೆ ಪ್ರತಿಜೈವಿಕವಿಲ್ಲದ, ಬಿಸ್ಮತ್ ಲವಣದಿಂದ ಮಾಡಿದ ಬರಿಯ ಮುಚ್ಚಳದ ಅಂಟು ಸಾಕಾಗುತ್ತದೆ. ನಿಮ್ಮ ಕಡೆ ಅದು ದೊರೆಯುವುದೇ ಎಂದು ವೈದ್ಯರನ್ನು ವಿಚಾರಿಸಿರಿ.

ರಂಧ್ರಪುಡಿಯ ಮದ್ದುಗಳು ಬರಲಿ, ಬರಬೇಕು ಕೂಡ. ಬಂದಾಗ ಅದರ ಬೆಲೆಯನ್ನೂ ಬಲವನ್ನೂ ವರ್ಣಿಸುವವರು ಬಹಳ ಮಂದಿ ಇರುತ್ತಾರೆ. ಅದು ಎಂದು ತೊಲಗುತ್ತದೆ ಎಂಬುದನ್ನು ಕೇಳಬೇಕಾದವರು ನೀವು. ಕನ್ನಡದಲ್ಲಿ ಬರೆದ ತಾರೀಖು ಕೈಗೆ ಸಿಗುವವರೆಗೆ ಕೊಳವೆಯ ಮುಚ್ಚಳ ತೆಗೆಯಬೇಡಿ. ಬರುವ ತಿಂಗಳ ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ನಷ್ಟಭರ್ತಿಯ ವಿಷಯವನ್ನು ಎತ್ತಿ, ಠರಾವು ಮಾಡಿ ಒಕ್ಕೂಟಕ್ಕೆ ಕಳುಹಿಸಿರಿ.